ದಿಂಬಿಗೆ ಚುಚ್ಚಿದ ಪದಕ

ಮಾರ್ಚ್ 3

ಆಸ್ಪತ್ರೆ ಕ್ಯಾಂಟೀನಿನ ಕಾಫಿ ಕುಡಿದು ಬಂದೆ. ಕಾಫಿಯಂತೆ ಅದು! ಇವರ ಮುಖ ಒರೆಸಿದೆ. ಬಾಯಲ್ಲಿ ನಳಿಗೆ, ಉಸಿರೆಲ್ಲ ಮಷೀನಿನದು. ಬೆಳಿಗ್ಗೆ ಮತ್ತೆ ನಳಿಗೆ ಕೀಳಲು ಹೋದರಂತೆ. ನರ್ಸ್ ಎರಡೂ ಕೈ ಮಂಚಕ್ಕೆ ಕಟ್ಟಿದ್ದಾಳೆ.

ಡಾಕ್ಟರು ಬಂದರು. "ಇನ್ನು ಗುಣ ಆಗೋದಿಲ್ಲಮ್ಮ. ಮಷೀನ್ ತೆಗೆಯೋದಾದ್ರೆ ನೀವೇ ಹೇಳ್ಬೇಕು." ಹೇಳಲು ಬಾಯಿ ತೆರೆದೆ... ಅಷ್ಟರಲ್ಲಿ ಮೈದುನ ಏದುಸಿರು ಬಿಡುತ್ತ ಬಂದ. "ಅತ್ತಿಗೆ, ಅಣ್ಣಂಗೆ ಬಂತು! ಶಿಕ್ಷಣ ಸೇವೆಗೆ ರಾಷ್ಟ್ರದ ಪದಕ!"

ಅದೇ ದಿನ, ಸಂಜೆ

ಬದುಕಿರುವವರಿಗೆ ಮಾತ್ರ ಕೊಡುತ್ತಾರಂತೆ. ಸಮಾರಂಭ ಇಪ್ಪತ್ತನೇ ತಾರೀಕು. ಇವರು ಕಟ್ಟಿದ ಶಾಲೆಯನ್ನು ಮುಚ್ಚಲು ಸರ್ಕಾರ ಕಾಯುತ್ತಿದೆ. "ಪದಕ ಬಂದ್ರೆ ಕಣ್ಣಿಲ್ಲದ ಮಕ್ಕಳ ಶಾಲೆ ಮುಟ್ಟೋಕೆ ಯಾರಿಗೂ ಧೈರ್ಯ ಬರಲ್ಲ. ಅಲ್ಲೀವರೆಗೂ ತಡ್ಕೊಳ್ಳಿ ಅತ್ತಿಗೆ."

ತಡೆದುಕೊಳ್ಳಬೇಕಾದವಳು ನಾನೇನು? ಆದರೂ ಆ ಶಾಲೆ ಅಂದರೆ ಇವರಿಗೆ ಪ್ರಾಣ. ಹೂಂ ಅಂದೆ.

ಮಾರ್ಚ್ 11

ಕಟ್ಟಿದ ಪಟ್ಟಿ ಉಜ್ಜಿ ಇವರ ಮಣಿಕಟ್ಟು ಕೆಂಪಾಗಿದೆ. ಎಣ್ಣೆ ಹಚ್ಚಿದೆ. ದುರುಗುಟ್ಟಿ ನೋಡಿದರು. "ನನ್ನ ಮೇಲೆ ಯಾಕ್ರೀ ಕಣ್ಣು ಬಿಡ್ತೀರಾ?" ಅಂದು ಅತ್ತುಬಿಟ್ಟೆ.

ಮಾರ್ಚ್ 20

ಅಧಿಕಾರಿಗಳೇ ಇಲ್ಲಿಗೆ ಬಂದರು. ಫೋಟೋ, ಚಪ್ಪಾಳೆ. ಎದೆಯ ಮೇಲೆಲ್ಲ ವೈರು — ಪದಕವನ್ನು ದಿಂಬಿಗೆ ಚುಚ್ಚಿದರು. ಸದ್ಯ, ಮುಗಿಯಿತು ಅಂದುಕೊಂಡೆ. ಮೈದುನ ಕಿವಿಯಲ್ಲಿ, "ಶಾಲೆ ಮುಚ್ಚಲ್ಲ ಅನ್ನೋ ಆರ್ಡರ್ ಕೈಗೆ ಬರ್ಲಿ ಅತ್ತಿಗೆ. ಇನ್ನೊಂದೇ ವಾರ." ಇವನ ಬಾಯಿಗೆ ಮಣ್ಣು ಬೀಳ!

ಮಾರ್ಚ್ 22, ಮಧ್ಯಾಹ್ನ

ಶಾಲೆಯ ಟೀಚರ್ ಬಂದಿದ್ದಳು. ಅವಳಿಗೂ ಹುಟ್ಟಿನಿಂದ ಕಣ್ಣಿಲ್ಲ. ಇವರ ಮೊದಲ ಶಿಷ್ಯೆ. ಬೆರಳು ಹಿಡಿದು ಬ್ರೈಲ್ ಚುಕ್ಕಿ ಅಕ್ಷರ ಕಲಿಸಿದ್ದು ಇವರೇ. ಪದಕ ಮುಟ್ಟಿ ನಕ್ಕಳು. ಆಮೇಲೆ ಇವರ ಕೈ ಹುಡುಕಿದಳು. ಊದಿದ ಬೆರಳುಗಳನ್ನು ಸವರಿ, "ಅಮ್ಮಾ, ಇದು ಸರ್ ಕೈ ಅಲ್ಲ" ಅಂದಳು. ಇನ್ನೂ ಮೇಲೆ ಸವರಿದಳು. ಪಟ್ಟಿ ಸಿಕ್ಕಿತು.

"ಸರ್ ಕೈ ಯಾಕಮ್ಮಾ ಕಟ್ಟಾಕಿದ್ದೀರಾ?"

"ಶಾಲೆ ಉಳೀಲಿ ಅಂತ ಕಣೇ."

ಅವಳು ಕೋಲು ತಡಕಿಕೊಂಡು ಹೊರಟುಹೋದಳು. ನನಗೆ ಊಟ ಸೇರಲಿಲ್ಲ.

ಮಾರ್ಚ್ 23

ಬೆಳಿಗ್ಗೆಯೇ ಡಾಕ್ಟರಿಗೆ ಹೇಳಿದೆ, ಮಷೀನ್ ತೆಗೀರಿ ಅಂತ. "ನಿಮ್ಮ ಮೈದುನ ತಕರಾರು ಮಾಡಿದ್ದಾರಮ್ಮ. ಇಬ್ರೂ ಒಪ್ಪಿ ಬನ್ನಿ." ಥೂ! ಇವರ ಜೊತೆ ಸಂಸಾರ ಮಾಡಿದ್ದು ನಾನಾ, ಅವನಾ?

ಮಧ್ಯಾಹ್ನ

ನರ್ಸ್ ಊಟಕ್ಕೆ ಹೋಗಿದ್ದಾಳೆ. ಪಟ್ಟಿ ಬಿಚ್ಚಿದೆ. ಎರಡೂ ಕೈ. ಮೊದಲು ನನ್ನ ಬೆರಳು ಹಿಡಿದರು, ಗಟ್ಟಿಯಾಗಿ. ಬಹಳ ಹೊತ್ತು.

ಈಗ ಬಿಟ್ಟರು. ಕೈ ಬಾಯಿಯ ಕಡೆ ಹೋಗುತ್ತಿದೆ. ನಾನು ತಡೆಯುವುದಿಲ್ಲ ರೀ. ಹೆದರಬೇಡಿ, ಇಲ್ಲೇ ಕೂತಿ—