ಬ್ಯಾಡಗಿಗೆ ಬರಲು ತಕ್ಕ ತಿಂಗಳು

ಬ್ಯಾಡಗಿ,
೧೪ ಜನವರಿ ೨೦೦೫

ಸಾನಿಯಾಳ ಅಬ್ಬಾಗೆ,

ಕುಲ್ಸುಮಬಿ ಮಾಡುವ ಸಲಾಮು. ಉಬ್ಬಸ ಈಗ ಹೇಗಿದೆ? ಕೂತೇ ನಿದ್ದೆ ಮಾಡಬೇಕಾಗಿದೆ ಎಂದು ಬರೆದಿದ್ದೀರಿ. ಬೆನ್ನಿಗೆ ಎರಡು ದಿಂಬು ಇಟ್ಟುಕೊಳ್ಳಿ. ನಾನು ಕ್ಷೇಮ.

ಕಾರವಾರದ ತೇವ ನಿಮ್ಮ ಎದೆಗೆ ಆಗದು, ಒಣ ಹವೆಯ ಊರಿಗೆ ಹೋಗಿ ಎಂದು ಡಾಕ್ಟರು ಹೇಳಿದ ಮೇಲೆ ನಿಮಗೆ ನನ್ನ ತವರೂರು ನೆನಪಾಗಿದೆ. ಸೆಕೆ ಎಷ್ಟು, ಚಳಿ ಎಷ್ಟು, ಧೂಳು ಇದೆಯೇ, ಯಾವ ತಿಂಗಳು ಬಂದರೆ ಒಳ್ಳೆಯದು ಎಂದು ನಾಲ್ಕು ಪ್ರಶ್ನೆ ಕೇಳಿದ್ದೀರಿ. ಸೆಕೆ ಏಪ್ರಿಲ್‌ನಲ್ಲಿ ಹೆಚ್ಚು. ಚಳಿಗೆ ಒಂದು ಕಂಬಳಿ ಸಾಕು. ಜೂನ್‌ನಿಂದ ಅಕ್ಟೋಬರ್ ತನಕ ಮಳೆ, ಅದೂ ಕಾರವಾರದ ಕಾಲುಭಾಗ. ಗಾಳಿ ತೊಳೆದಿಟ್ಟಂತೆ ಇರುತ್ತದೆ. ನಮ್ಮ ನಿಕಾಹ್ ಆಗಸ್ಟಿನಲ್ಲಿ ಆಯಿತಲ್ಲ, ನೀವು ಕಂಡ ಬ್ಯಾಡಗಿ ಅದೊಂದೇ. ಡಿಸೆಂಬರಿಗೆ ಮೆಣಸಿನಕಾಯಿ ಬರಲು ಶುರು. ಮಾರ್ಚಿನಲ್ಲಿ ಪೇಟೆಯಲ್ಲಿ ಚೀಲ ಇಡಲು ಜಾಗವಿರುವುದಿಲ್ಲ, ಹಮಾಲರು ಮೂಗಿಗೆ ವಸ್ತ್ರ ಕಟ್ಟಿಕೊಳ್ಳುತ್ತಾರೆ. ನಮ್ಮ ಓಣಿಯ ಹೆಂಗಸರು ಅಂಗಳದಲ್ಲೇ ಕೂತು ಕಾಯಿಯ ತೊಟ್ಟು ಬಿಡಿಸುತ್ತೇವೆ. ಆ ಧೂಳು ಹಿಟ್ಟಿಗಿಂತ ಸಣ್ಣ. ಬಾಗಿಲು ಹಾಕಿದರೂ ಒಳಗೆ ಬರುತ್ತದೆ. ಹಾವೇರಿಯಿಂದ ಬಂದವರು ಬಸ್ಸು ಇಳಿಯುತ್ತಲೇ ಸೀನುತ್ತಾರೆ.

ಹದಿನಾಲ್ಕು ವರ್ಷದ ಹಿಂದೆಯೂ ಇದನ್ನೇ ಹೇಳಿದ್ದೆ. ಮೂರು ತಿಂಗಳ ಸಾನಿಯಾ ಕೆಮ್ಮಿ ಕೆಮ್ಮಿ ನಿಮ್ಮ ನಿದ್ದೆ ಕೆಡಿಸಿದ್ದಳು. ನೀವು ನಕ್ಕಿರಿ: "ಬ್ಯಾಡಗಿ ಕಾಯಿಗೆ ಬಣ್ಣ ಅಷ್ಟ, ಖಾರ ಎಲ್ಲೈತಿ? ಹೋಗ, ತವರಮನಿ ಹವಾ ಚಲೋ ಐತಿ." ಖರೇ, ನಮ್ಮ ಕಾಯಿಗೆ ಖಾರ ಕಡಿಮೆ. ಆದರೆ ಕೂಸು ಅದನ್ನು ತಿನ್ನಲಿಲ್ಲ, ಉಸಿರಾಡಿತು. ಬಂದ ಒಂಬತ್ತನೆಯ ದಿನ ನನ್ನ ಅಮ್ಮ, "ಕುಲ್ಸುಮ, ಲಗೂ ಗಾಡಿ ತರಸ, ಕೂಸಿನ ತುಟಿ ನೀಲಿ ಆಗ್ಯಾವ" ಎಂದಳು. ರಾಣೆಬೆನ್ನೂರಿನ ದವಾಖಾನೆ ಮುಟ್ಟುವ ಮೊದಲೇ ಮುಗಿದಿತ್ತು. ನೀವು ಮಣ್ಣಿಗೂ ಬರಲಿಲ್ಲ, ನಾನು ತಿರುಗಿ ಕಾರವಾರಕ್ಕೆ ಹೋಗಲಿಲ್ಲ. ಅವಳನ್ನು ಕಳಿಸುವಾಗ ಈ ನಾಲ್ಕರಲ್ಲಿ ಒಂದು ಪ್ರಶ್ನೆಯನ್ನೂ ನೀವು ಕೇಳಿರಲಿಲ್ಲ.

ಔಷಧಿ ತಪ್ಪಿಸಬೇಡಿ. ಅಲ್ಲಾಹ್ ನಿಮಗೆ ದೀರ್ಘಾಯುಷ್ಯ ಕೊಡಲಿ, ಅದಕ್ಕಿಂತ ಹೆಚ್ಚು ನೆನಪು ಕೊಡಲಿ.

ಇಂತಿ,
ಸಾನಿಯಾಳ ಅಮ್ಮಿ
ಕುಲ್ಸುಮಬಿ

ತಾ.ಕ.: ತಿಂಗಳು ಯಾವುದೆಂದು ಬರೆಯುವುದೇ ಉಳಿಯಿತು. ಅಂಗಳದ ಕಡೆಯ ಕೋಣೆಯನ್ನು ಜೂನ್‌ನಿಂದ ಒಬ್ಬ ಮಾಸ್ತರರಿಗೆ ಬಾಡಿಗೆಗೆ ಕೊಡಲು ಒಪ್ಪಿದ್ದೇನೆ. ಅಲ್ಲಿಯವರೆಗೆ ಖಾಲಿ. ಸಾನಿಯಾಳ ತೊಟ್ಟಿಲು ಕಟ್ಟಿದ್ದು ಅಲ್ಲೇ. ಬರುವುದಾದರೆ ಮಾರ್ಚಿನಲ್ಲಿ ಬನ್ನಿ.