ಇನ್ನೂರ ಹನ್ನೆರಡನೇ ನಂಬರು ಯಾರದು?

ನೇಮಕಾತಿ ಅಧಿಕಾರಿಗಳೇ,

ಕೊಡುತ್ತೇವೆ ಅಂದದ್ದು: ಗ್ರಾಮ ಗ್ರಂಥಾಲಯದ ಮೇಲ್ವಿಚಾರಕಿ ಹುದ್ದೆಗೆ ನ್ಯಾಯವಾದ ಆಯ್ಕೆ, ಅರ್ಜಿ ಹಾಕಿದ ಪ್ರತಿಯೊಬ್ಬರಿಗೂ ಸಂದರ್ಶನದ ಪತ್ರ. ಕೊಟ್ಟದ್ದು: ಮೂರು ಸಲ ಬಂದು ಕೇಳಿದ ಮೇಲೆ, ತಲೆ ಎತ್ತದೆ ಆಡಿದ ಒಂದು ಮಾತು. "ನಿಮ್ಮ ಅರ್ಜಿಯೇ ಬಂದಿಲ್ಲ."

ಬಂದಿದೆ ಮಾನ್ಯರೇ. ಜುಲೈ ಹದಿನೈದು, ಕೊನೆಯ ದಿನ, ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಬಂದಿದೆ. ನಾನು ಬರೆದಿಟ್ಟಿದ್ದೇನೆ. ಇದು ನನ್ನ ಇಪ್ಪತ್ತಮೂರನೇ ಅರ್ಜಿ. ಒಂದೊಂದಕ್ಕೂ ನೋಟ್‌ಬುಕ್ಕಿನಲ್ಲಿ ಒಂದೊಂದು ಪುಟ. ಯಾವ ಹುದ್ದೆ, ಯಾವ ತಾರೀಖು, ಲಗತ್ತಿಸಿದ ಹಾಳೆ ಎಷ್ಟು, ಯಾರ ಕೈಗೆ ಕೊಟ್ಟೆ, ಅವರು ಏನಂದರು, ಕೊನೆಗೆ ಮತ್ತೆ ಹೋಗಬೇಕಾದ ದಿನ. ಈ ಬುದ್ಧಿ ಕಲಿಸಿದವಳು ಎರಡು ಹೊತ್ತೂ ಡೇರಿಗೆ ಹಾಲು ಹಾಕಿ, ಲೆಕ್ಕದ ಪುಸ್ತಕದಲ್ಲಿ ಬರೆಸಿಕೊಂಡೇ ಬರುವ ನಮ್ಮವ್ವ ಮಂಗಳಮ್ಮ. "ಬರುಸ್ದೆ ಆಕಿದ್ ಆಲು ಮೋರಿಗ್ ಆಕ್ದಂಗೆ ಕಣವ್ವ" ಅನ್ನುತ್ತಾಳೆ. ನಿಮ್ಮ ಕಚೇರಿಗೆ ಡೇರಿಯಷ್ಟು ಮಾನವಿದ್ದಿದ್ದರೆ ಈ ಪತ್ರದ ಕೆಲಸವಿರಲಿಲ್ಲ.

ನನ್ನದೂ ಒಂದು ತಪ್ಪಿದೆ. ಇಪ್ಪತ್ತೆರಡು ಕಡೆ ನಕಲಿನ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಂಡವಳು ನಿಮ್ಮಲ್ಲಿ ಬಿಟ್ಟೆ. ಕೇಳಲಿಲ್ಲವೆಂದಲ್ಲ. ನಕಲು ಪ್ರತಿ ಮುಂದೆ ಹಿಡಿದದ್ದಕ್ಕೆ ನಿಮ್ಮ ಗುಮಾಸ್ತರು ನಕ್ಕರು. "ಅಯ್ಯೋ, ನನ್ನತ್ರಾನೂ ಸೀಲು ಕೇಳ್ತೀಯಲ್ಲವ್ವಾ! ನಿಮ್ಮೂರ ಅಳಿಯ ಕಣಮ್ಮ ನಾನು, ಎಲ್ಲಿಗ್ ಓಡೋಯ್ತೀನಿ?" ಊರ ಅಳಿಯನಿಗೆ ರಸೀದಿ ಕೇಳುವುದೆಂದರೆ ಊಟಕ್ಕೆ ಕರೆದು ಎಲೆ ಎತ್ತಿಸಿದ ಹಾಗೆ. ನಾಚಿ ಸುಮ್ಮನಾದೆ. ಕಣ್ಣು ಮಾತ್ರ ಸುಮ್ಮನಿರಲಿಲ್ಲ. ಆವಕ ರಿಜಿಸ್ಟರಿನಲ್ಲಿ ಆತ ನನ್ನ ಹೆಸರಿನ ಪಕ್ಕ ೨೧೨ ಎಂದು ಬರೆದದ್ದನ್ನು ನೋಡಿ, ಹೊರಗಿನ ಬೆಂಚಿನಲ್ಲಿ ಕೂತು ಬರೆದುಕೊಂಡೆ.

ಅದನ್ನು ತೋರಿಸಿದರೆ, "ಮನೇಲಿ ಕೂತು ಯಾರು ಏನು ಬೇಕಾದ್ರೂ ಬರ್ಕೋಬಹುದು" ಎಂದಿರಿ. ಸರಿ, ನನ್ನ ಪುಸ್ತಕ ಬೇಡ. ನಿಮ್ಮದನ್ನೇ ಓದೋಣ. ಮಾಹಿತಿ ಹಕ್ಕಿನಲ್ಲಿ ಪಡೆದ ನಕಲು ನನ್ನ ಮುಂದಿದೆ. ೨೧೧, ಮದ್ದೂರಿನ ಸ್ಪಂದನಾ, ಹದಿನೈದನೇ ತಾರೀಖು. ೨೧೩, ಬಸರಾಳಿನ ನಯನ, ಹದಿನೈದನೇ ತಾರೀಖು. ನಡುವಿನ ೨೧೨ರಲ್ಲಿ ವೈಟ್ನರ್ ಬಳಿದ ಜಾಗದ ಮೇಲೆ ಬೇರೊಂದು ಹೆಸರು, ತಾರೀಖು ಹದಿನೇಳು! ಹದಿನೈದಾದ ಮೇಲೆ ಹದಿನೇಳು ಬಂದು ಮತ್ತೆ ಹದಿನೈದು ಬರುವ ಪಂಚಾಂಗ ಯಾವ ಮಠದ್ದು ಮಾನ್ಯರೇ? ಗಡುವು ಮುಗಿದ ಮೇಲೆ ಬಂದವರನ್ನು ನನ್ನ ನಂಬರಿನಲ್ಲಿ ಕೂರಿಸಿದಿರಿ. ಆಯ್ಕೆಪಟ್ಟಿಯ ಮೊದಲ ಹೆಸರೂ ಅದೇ. ಕಳ್ಳತನಕ್ಕೂ ತಾರೀಖು ನೆನಪಿರಬೇಕು. ಅಷ್ಟೂ ಬಾರದ ನೀವು ಗ್ರಂಥಾಲಯ ನೋಡಿಕೊಳ್ಳುವವರನ್ನು ಆರಿಸುತ್ತೀರಿ!

ಬರುವ ನವೆಂಬರಿಗೆ ನನ್ನ ವಯೋಮಿತಿ ಮುಗಿಯುತ್ತದೆ. ಇಪ್ಪತ್ತನಾಲ್ಕನೇ ಅರ್ಜಿ ನನಗಿಲ್ಲ. ನಿಮ್ಮ ವೈಟ್ನರ್ ಬಿದ್ದದ್ದು ನನ್ನ ಕೊನೆಯ ಅವಕಾಶದ ಮೇಲೆ. ಆದ್ದರಿಂದ ದೊಡ್ಡ ಮನಸ್ಸು ಮಾಡು ಎಂದು ಯಾರೂ ಹೇಳಿ ಕಳಿಸಬೇಡಿ; ಮಾಡುವುದಿಲ್ಲ. ಆಯ್ಕೆಪಟ್ಟಿ ರದ್ದಾಗಬೇಕು. ೨೧೨ಕ್ಕೆ ನನ್ನ ಹೆಸರು ವಾಪಸು ಬಂದು ಸಂದರ್ಶನ ನಡೆಯಬೇಕು. ತಿದ್ದಿದ ಕೈ, ತಿದ್ದಿಸಿದ ಕೈ, ಎರಡೂ ಅಮಾನತಾಗಬೇಕು. ಇನ್ನು ಊರ ಅಳಿಯಂದಿರು. ಹಬ್ಬಕ್ಕೆ ಬರಲಿ, ಒಬ್ಬಟ್ಟು ಬಡಿಸುತ್ತೇವೆ. ಕೈ ತೊಳೆದ ಮೇಲೆ ಈ ನಕಲನ್ನು ಅವರ ಮಾವನ ಮನೆ ಜಗುಲಿಯಲ್ಲಿ, ಊರಿಗೆಲ್ಲ ಕೇಳುವಂತೆ, ಅವರಿಂದಲೇ ಓದಿಸುತ್ತೇನೆ.

ನಿಮ್ಮ ಹೆಸರಿಗೂ ಒಂದು ಪುಟ ತೆರೆದಿದ್ದೇನೆ. ಅದರ ಕೊನೆಯ ಸಾಲನ್ನು ಸಹಿಯ ಕೆಳಗೆ ಬರೆದಿದ್ದೇನೆ.

ಇಂತಿ,
ವೈಟ್ನರ್ ಅಡಿಯಲ್ಲಿ ಇನ್ನೂ ಉಸಿರಾಡುತ್ತಿರುವ
ವನಜಾ, ಪೂರಿಗಾಲಿ

ಮತ್ತೆ ಹೋಗಬೇಕಾದ ದಿನ: ಸೆಪ್ಟೆಂಬರ್ ಇಪ್ಪತ್ತೆರಡು, ಸೋಮವಾರ. ಜೊತೆಗೆ ಸಾಕ್ಷಿಗೆ ೨೧೧ರ ಸ್ಪಂದನಾ, ೨೧೩ರ ನಯನ. ಅವ್ವ ಬೆಳಗಿನ ಹಾಲು ಹಾಕಿ, ಬರೆಸಿಕೊಂಡು ಬರುತ್ತಾಳೆ. ಹತ್ತೂವರೆ ಗಂಟೆಗೆ.