ಅಂಟಿಲ್ಲದ ಜಾಗ

ಚಿಕ್ಕಮ್ಮ,

ನಿಮಗೆ ನಾನು ಬರೆಯುತ್ತಿರುವ ಮೊದಲ ಪತ್ರ ಇದು. ಅದೂ ನೀವು ಹೋಗಿ ನಾಲ್ಕು ತಿಂಗಳಾದ ಮೇಲೆ. ಇದ್ದಿದ್ದರೆ ಓದಿ, ಮಡಿಸಿಟ್ಟು, ಏನೂ ಹೇಳದೆ ಒಳಗೆ ಹೋಗುತ್ತಿದ್ದಿರಿ. ನಿಮ್ಮ ಆ ಸುಮ್ಮನಿರುವ ಗುಣದ ಮೇಲೆ ನನಗಿವತ್ತು ವಿಪರೀತ ಸಿಟ್ಟು ಬಂದಿದೆ. ಸಿಟ್ಟಿನಲ್ಲೇ ಬರೆಯುತ್ತೇನೆ. ಸಿಟ್ಟಿಲ್ಲದೆ ನಿಮ್ಮ ಹತ್ತಿರ ಮಾತಾಡಿ ನನಗೆ ಅಭ್ಯಾಸವೂ ಇಲ್ಲ.

ಇವತ್ತು ಹೊಲಿಗೆ ಕೋಣೆಯ ವಾಲ್‌ಪೇಪರ್ ಕಿತ್ತೆ. ಮನೆಗೆಲ್ಲ ತಮ್ಮ ಬಣ್ಣ ಹೊಡೆಸುತ್ತಿದ್ದಾನೆ, ನಾಳೆ ಪೇಂಟರ್ ಬರುತ್ತಾನೆ. ಕೀಳುವ ಕೆಲಸವನ್ನೂ ಅವನಿಗೇ ಬಿಡಬಹುದಿತ್ತು. ಆದರೆ ಆಸ್ಪತ್ರೆಯಲ್ಲಿ ನೀವು ನನ್ನ ಕೈ ಹಿಡಿದುಕೊಂಡು, "ಆ ಗೋಡೆ ಕಾಗದ ನೀನೇ ಬಿಚ್ಚಮ್ಮ, ಬೇರೆಯವ್ರ ಕೈಲಿ ಬೇಡ. ನೀರು ಮಾತ್ರ ಹಾಕ್ಬೇಡ," ಅಂದಿದ್ದಿರಿ. ಹೋಗುವಾಗಲೂ ನನ್ನ ತಲೆಗೊಂದು ಕೆಲಸ ಕಟ್ಟಿದಿರಲ್ಲ ಎಂದುಕೊಂಡೆ. ನೀರು ಹಾಕದೆ ವಾಲ್‌ಪೇಪರ್ ಕಿತ್ತವರನ್ನು ನಾನಂತೂ ಕಂಡಿಲ್ಲ. ಜ್ವರದಲ್ಲಿ ಬಡಬಡಿಸುತ್ತಿದ್ದೀರಿ ಎಂದು ತೀರ್ಮಾನಿಸಿದೆ. ಇಪ್ಪತ್ತೈದು ವರ್ಷ ಮಕ್ಕಳ ಉತ್ತರ ಪತ್ರಿಕೆಗಳಲ್ಲಿ ತಪ್ಪು ಹುಡುಕಿದ ಟೀಚರಮ್ಮ ನಾನು, ನನಗೆ ಗೊತ್ತಿಲ್ಲದ್ದು ಏನಿರಲು ಸಾಧ್ಯ!

ಆ ಗೋಡೆ ಅಮ್ಮನದು. ಅಮ್ಮ ಅಳತೆ ಬರೆಯಲು ಪುಸ್ತಕ ಇಟ್ಟವಳೇ ಅಲ್ಲ. ಮಷೀನಿನ ಮುಂದೆ ಕೂತರೆ ಬಲಗೈಗೆ ಸಿಗುವ ಗೋಡೆಯೇ ಅವಳ ಪುಸ್ತಕ. "ಡಾಕ್ಟರಮ್ಮ, ಎದೆ ೩೮." "ಮೂಲೆಮನೆ ಅಜ್ಜಿ, ತೋಳು ಸಡಿಲ ಇರಲಿ." ಒದ್ದೆಯಾದರೆ ನೇರಳೆ ಬಣ್ಣಕ್ಕೆ ತಿರುಗುವ ಪೆನ್ಸಿಲು ಅವಳದು. ಬರೆಯುವ ಮುಂಚೆ ತುದಿಯನ್ನು ನಾಲಿಗೆಗೆ ತಾಗಿಸುತ್ತಿದ್ದಳು, ಹಾಗಾಗಿ ಅಮ್ಮನ ನಾಲಿಗೆಯ ತುದಿ ಸದಾ ನೇರಳೆ. ಆ ಪಟ್ಟಿಯ ನಡುನಡುವೆ ನಾನೂ ಇದ್ದೆ. ಗುಬ್ಬಿ, ಎದೆ ೨೨. ಗುಬ್ಬಿ, ಎದೆ ೨೩. ನನ್ನ ಎಂಟನೆಯ ವರ್ಷದಲ್ಲಿ ಆ ಬರವಣಿಗೆ ನಿಂತುಹೋಯಿತು. ಮುಂದಿನ ವರ್ಷ ಅಪ್ಪ ನಿಮ್ಮನ್ನು ಕರೆತಂದರು.

ನೀವು ಅಮ್ಮನ ಮಷೀನಿನ ಮುಂದೆ ಕೂತದ್ದೇ ನನಗೆ ಮಹಾಪರಾಧವಾಗಿ ಕಂಡಿತ್ತು. ಟೇಪು ಹಿಡಿದು ನೀವು ಹತ್ತಿರ ಬಂದರೆ ಎರಡೂ ಕೈ ಮೈಗೆ ಅಂಟಿಸಿಕೊಂಡು ಕಂಬದ ಹಾಗೆ ನಿಲ್ಲುತ್ತಿದ್ದೆ. ಅಳತೆ ಕೊಡಲೇ ಇಲ್ಲ. ಆದರೂ ಶಾಲೆಯ ವಾರ್ಷಿಕೋತ್ಸವಕ್ಕೆ ಹಳದಿ ಫ್ರಾಕು ಹೊಲಿದಿರಿ. ಅಪ್ಪನ ಬಲವಂತಕ್ಕೆ ಹಾಕಿಕೊಂಡು ಹೋದೆ. ವೇದಿಕೆಯ ಮೇಲೆ ಕೈ ಎತ್ತಿದ್ದೇ ತಡ, ಕಂಕುಳ ಹತ್ತಿರ ಪರ್ರೆಂದು ಹರಿಯಿತು. ಇಡೀ ಶಾಲೆ ನಕ್ಕಿತು. ಮನೆಗೆ ಬಂದು ಅದನ್ನು ನಿಮ್ಮ ಕಾಲ ಬುಡಕ್ಕೆ ಎಸೆದು, "ನಮ್ಮಮ್ಮ ಆಗಿದ್ರೆ ಹೀಗಾಗ್ತಾ ಇರ್ಲಿಲ್ಲ," ಅಂದೆ. ನೀವು ಬಗ್ಗಿ ಫ್ರಾಕು ಎತ್ತಿಕೊಂಡು, ಹರಿದ ಜಾಗದಲ್ಲಿ ಎರಡು ಬೆರಳಿಟ್ಟು ನೋಡಿ, "ಅಳತೆ ಹಳೇದಾಗಿತ್ತು ಕಣಮ್ಮ," ಅಂದಿರಿ. ಅಷ್ಟೇ. ಆಮೇಲೆ ಇನ್ನೊಂದು ಹೊಲಿದು ನನ್ನ ಹಾಸಿಗೆಯ ಮೇಲಿಟ್ಟಿರಿ. ನಾನು ಮುಟ್ಟಲಿಲ್ಲ. ಮುಂದೆ ಅದು ತಮ್ಮನ ತೊಟ್ಟಿಲಿನ ಹಾಸಾಯಿತು.

ಆ ಗೋಡೆ ನೋಡಿದಾಗಲೆಲ್ಲ ಅಪ್ಪನ ಮುಖ ಕಪ್ಪಿಡುತ್ತಿತ್ತು. ಒಂದು ದಿನ ಬಾಗಿಲ ಮರೆಯಲ್ಲಿ ನಿಂತು ನಿಮ್ಮಿಬ್ಬರ ಮಾತು ಕೇಳಿಸಿಕೊಂಡೆ. "ನಂಗೆ ದಿನಾ ನೋಡೋಕಾಗ್ತಿಲ್ಲ, ಬಣ್ಣ ಹೊಡೆಸಿಬಿಡೋಣ," ಎಂದು ಅಪ್ಪ. "ಬಣ್ಣ ಬೇಡ್ವೇ ಬೇಡ. ಕಾಗದ ಅಂಟಿಸೋಣ, ನಾನೇ ಅಂಟಿಸ್ತೀನಿ," ಎಂದು ನೀವು. ಶೋಕಿಗೇನೂ ಕಮ್ಮಿಯಿಲ್ಲ ಎಂದುಕೊಂಡೆ. ಮಾರನೆಯ ದಿನ ಶಾಲೆಯಿಂದ ಬರುವಷ್ಟರಲ್ಲಿ ಗೋಡೆಯ ತುಂಬ ನೀಲಿ ಹೂವು. ಅಮ್ಮನ ಅಕ್ಷರವನ್ನೆಲ್ಲ ತಿಕ್ಕಿ ತೊಳೆದು ಅದರ ಮೇಲೆ ನಿಮ್ಮ ಹೂವು ಮೆತ್ತಿದ್ದೀರಿ ಎಂದು ನಾನು ನಂಬಿದೆ. ನಲವತ್ತು ವರ್ಷ ನಂಬಿದೆ. ತಮ್ಮ ನಿಮ್ಮನ್ನು "ನೀನು" ಎಂದು ಕರೆದು ಕುತ್ತಿಗೆಗೆ ಜೋತುಬೀಳುತ್ತಿದ್ದರೆ, ನಾನು "ನೀವು" ಎಂದು ದೂರ ನಿಂತೆ. ಎಷ್ಟು ಗೌರವ ನೋಡಿ ಎಂದು ನೆಂಟರು ಹೊಗಳಿದರು. ಅದು ಎಂಥ ಗೌರವ ಎಂದು ನಿಮಗೆ ಗೊತ್ತಿತ್ತು.

ಮಷೀನಿನ ಪಕ್ಕದಲ್ಲಿ ಮಾತ್ರ ಆ ಕಾಗದ ದಿಂಬಿನಷ್ಟು ಅಗಲಕ್ಕೆ ಉಬ್ಬಿಕೊಂಡಿತ್ತು. ಉಳಿದ ಗೋಡೆಯೆಲ್ಲ ನುಣ್ಣಗೆ, ಅಲ್ಲೊಂದೇ ಗುಳ್ಳೆ. ಬಂದ ನೆಂಟರಿಗೆಲ್ಲ ಅದನ್ನು ಬೆರಳಿನಿಂದ ಒತ್ತಿ ತೋರಿಸಿ, "ನಮ್ಮ ಚಿಕ್ಕಮ್ಮನ ಕೈಚಳಕ ನೋಡಿ," ಎನ್ನುತ್ತಿದ್ದೆ. ಎಲ್ಲರೂ ನಗುತ್ತಿದ್ದರು. ನೀವೂ ನಗುತ್ತಿದ್ದಿರಿ. "ಒತ್ಬೇಡ ಗುಬ್ಬಿ, ಅಲ್ಲಿ ಅಂಟಿಲ್ಲ," ಎನ್ನುತ್ತಿದ್ದಿರಿ.

ಬೆಳಿಗ್ಗೆ ಬಿಸಿನೀರಿನ ಬಕೆಟ್ಟು, ಸ್ಪಂಜು, ಕೆರೆಯುವ ಅಲಗು ಹಿಡಿದು ಶುರುಮಾಡಿದೆ. ಕಾಗದವನ್ನು ಚೆನ್ನಾಗಿ ನೆನೆಸಿ, ಸ್ವಲ್ಪ ಹೊತ್ತು ಬಿಟ್ಟು ಕೆರೆದರೆ ಉದ್ದುದ್ದ ಪಟ್ಟಿಯಾಗಿ ಬರುತ್ತದೆ. ಅರ್ಧ ಗೋಡೆ ಹಾಗೇ ಮುಗಿಯಿತು. ಗುಳ್ಳೆಯ ಹತ್ತಿರ ಬಂದಾಗ ನಿಮ್ಮ ಮಾತು ನೆನಪಾಗಲಿಲ್ಲ ಎಂದು ಸುಳ್ಳು ಹೇಳಲಾರೆ. ನೆನಪಾಯಿತು. ನೆನಪಾಗಿಯೂ ಸ್ಪಂಜು ಅದ್ದಿ ಗುಳ್ಳೆಯ ಕೆಳತುದಿಗೆ ಒತ್ತಿದೆ. ಒಂದು ನಿಮಿಷದಲ್ಲಿ ನೇರಳೆ ನೀರು ನನ್ನ ಮಣಿಕಟ್ಟಿನ ಮೇಲೆ ಇಳಿಯಿತು.

ಆ ಬಣ್ಣ ನನಗೆ ಗೊತ್ತು ಚಿಕ್ಕಮ್ಮ. ಸ್ಪಂಜು ಬಿಸಾಕಿದೆ. ಒಣಗಿದ್ದ ಮೇಲಿನ ಅಂಚನ್ನು ಉಗುರಿನಲ್ಲಿ ಎಬ್ಬಿಸಿದೆ. ಇಡೀ ತುಂಡು ಒಂದೇ ಸಲಕ್ಕೆ ಕೈಗೆ ಬಂತು. ನೀವು ಸುತ್ತಲಿನ ಅಂಚಿಗೆ ಮಾತ್ರ ಅಂಟು ಹಚ್ಚಿ, ನಡುವೆ ಒಣ ಕಾಗದವನ್ನೇ ಬಿಟ್ಟಿದ್ದಿರಿ. ಒಳಗೆ ಅಮ್ಮ ಇದ್ದಳು. ಡಾಕ್ಟರಮ್ಮ, ಮೂಲೆಮನೆ ಅಜ್ಜಿ, ಗುಬ್ಬಿ, ಗುಬ್ಬಿ. ಕೊನೆಯ ಸಲದ್ದು, "ಗುಬ್ಬಿ, ಎದೆ ೨೪, ಉದ್ದ ೨೬." ಆ ಹಳದಿ ಫ್ರಾಕಿನ ಅಳತೆ. ನನ್ನಿಂದ ಅಳತೆ ಸಿಗದೆ ನೀವು ಅಮ್ಮನ ಗೋಡೆಯನ್ನು ಕೇಳಿದ್ದಿರಿ, ಅಮ್ಮ ತನಗೆ ಗೊತ್ತಿದ್ದಷ್ಟು ಹೇಳಿದ್ದಳು.

ಅದರ ಕೆಳಗೆ ಅದೇ ಪೆನ್ಸಿಲಿನಲ್ಲಿ ಇನ್ನೊಂದು ಸಾಲಿತ್ತು. ಬಲಕ್ಕೆ ವಾಲುವ ನಿಮ್ಮ ಅಕ್ಷರ. "ನಮ್ಮ ಗುಬ್ಬಿ" ಎಂಬಲ್ಲಿಯವರೆಗೆ ಓದಬಹುದು. ಮುಂದಿನದೆಲ್ಲ ನೀರಿನಲ್ಲಿ ಕಲಸಿ ಬರೀ ನೇರಳೆ ಕಲೆಯಾಗಿದೆ. ಆ ಎರಡನೆಯ ಫ್ರಾಕಿನ ಅಳತೆ ಇದ್ದಿರಬೇಕು. ಇನ್ನೂ ಏನಾದರೂ ಇತ್ತೇ? ಬಟ್ಟೆಯಲ್ಲಿ ಒತ್ತಿ ನೋಡಿದೆ, ಟಾರ್ಚು ಹಿಡಿದು ನೋಡಿದೆ. ಹೋಯಿತು ಚಿಕ್ಕಮ್ಮ. ಅಮ್ಮನ ಅಕ್ಷರವನ್ನು ನೀವು ನಲವತ್ತು ವರ್ಷ ಕಾಪಾಡಿದಿರಿ. ನಿಮ್ಮ ಒಂದು ಸಾಲನ್ನು ನಾನು ಒಂದು ನಿಮಿಷ ಕಾಪಾಡಲಿಲ್ಲ.

ಯಾಕೆ ಹೇಳಲಿಲ್ಲ? ಒಂದೇ ಒಂದು ಸಲ ನನ್ನ ಕಿವಿ ಹಿಂಡಿ, "ಬಾರೇ ಇಲ್ಲಿ, ನಿಮ್ಮಮ್ಮ ಇದರ ಕೆಳಗಿದ್ದಾಳೆ," ಅನ್ನಬಾರದಿತ್ತೇ? ಅಂದಿದ್ದರೆ ಅವತ್ತೇ ಕಾಗದ ಹರಿದು, ಅಳುತ್ತ ಗೋಡೆ ಸವರಿ ಸವರಿ ಎಲ್ಲ ಅಳಿಸಿಬಿಡುತ್ತಿದ್ದೆನೇನೋ. ನಾನು ಎಂಥವಳೆಂದು ನಿಮಗೆ ಗೊತ್ತಿತ್ತು. ಆದರೆ ದೊಡ್ಡವಳಾದ ಮೇಲೆ? ಅದಕ್ಕೂ ನನ್ನ ಹತ್ತಿರ ಉತ್ತರವಿದೆ, ಬರೆಯಲು ನಾಚಿಕೆ. ನಾನು ನಿಮ್ಮ ಮುಂದೆ ಐದು ನಿಮಿಷ ಕೂತದ್ದು ಯಾವಾಗ?

ತಮ್ಮ ಬಂದು ನೋಡಿದ. ಎರಡೂ ಕೈಬರಹ ಓದಿ, "ಅಕ್ಕಾ, ಈ ಗೋಡೆ ಹೀಗೇ ಇರ್ಲಿ ಬಿಡು," ಅಂದ. ಅವನು ಹೋದ ಮೇಲೆ ಮಷೀನಿನ ಡ್ರಾಯರಿನಿಂದ ನಿಮ್ಮ ಟೇಪು ತೆಗೆದು ಹೆಗಲ ಮೇಲೆ ಹಾಕಿಕೊಂಡೆ. ಗೋಡೆಯ ಎದುರು ನಿಂತು ಎರಡೂ ಕೈಗಳನ್ನು ಮೈಯಿಂದ ದೂರ ಎತ್ತಿ ಹಿಡಿದೆ. ತೋಳು ನೋಯುವವರೆಗೆ ಹಾಗೇ ನಿಂತಿದ್ದೆ.

ನನ್ನ ಮೇಲೆ ಬೇಸರ ಉಳಿದಿದ್ದರೆ ಮರೆತುಬಿಡಿ. ಅಮ್ಮ ಅಲ್ಲಿ ಸಿಕ್ಕಿದ್ದರೆ, ಫ್ರಾಕು ಹರಿದದ್ದರಲ್ಲಿ ನಿಮ್ಮ ತಪ್ಪೇನೂ ಇರಲಿಲ್ಲ ಎಂದು ನಾನು ಹೇಳಿದೆನೆಂದು ತಿಳಿಸಿ. ಇಬ್ಬರೂ ನೆಮ್ಮದಿಯಾಗಿರಿ.

ನಿಮ್ಮಿಬ್ಬರ
ಗುಬ್ಬಿ